ಗರ್ಭಕೋಶದ ನಾರುಗಡ್ಡೆ: ರೋಗಶಾಸ್ತ್ರ

ನಾರುಗಡ್ಡೆ ಅಥವಾ ಲಿಯೋಮಯೋಮಾ ಎಂದರೆ ಗರ್ಭಕೋಶದ ಗೋಡೆಯಲ್ಲಿರುವ ನುಣುಪು ಸ್ನಾಯುವಿನಿಂದ ಹುಟ್ಟಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಆಸ್ಪತ್ರೆಗಳಲ್ಲಿ ಇದಕ್ಕೆ ಫೈಬ್ರಾಯ್ಡ್ ಎಂಬ ಹೆಸರೇ ಬಳಕೆಯಲ್ಲಿದೆ. ಮನೆಮಾತಿನಲ್ಲಿ ಗರ್ಭಕೋಶದ ಗಡ್ಡೆ ಎನ್ನುತ್ತಾರೆ. ಸ್ತ್ರೀ ಜನನಾಂಗಗಳಲ್ಲಿ ಕಾಣುವ ಗಡ್ಡೆಗಳ ಪೈಕಿ ಇದು ಅತಿ ಸಾಮಾನ್ಯವಾದುದು. ಸುತ್ತಲಿನ ಅಂಗಾಂಶವನ್ನು ಬದಿಗೆ ಒತ್ತರಿಸಿಕೊಂಡು ಬೆಳೆಯುವುದು, ಅದರೊಳಕ್ಕೆ ನುಗ್ಗದಿರುವುದು ಇದರ ಮುಖ್ಯ ಗುಣ. ಈ ಲೇಖನದಲ್ಲಿ ನಾರುಗಡ್ಡೆ, ಲಿಯೋಮಯೋಮಾ ಎಂಬ ಪದಗಳಿಗೆ ಒಂದೇ ಅರ್ಥ. ಅದೇ ಸ್ನಾಯುವಿನ ಮಾರಕ ಗಡ್ಡೆಗೆ ಲಿಯೋಮಯೋಸಾರ್ಕೋಮಾ ಎಂದೂ, ರಕ್ತದ ಕೊರತೆ ಮೊದಲಾದ ಕಾರಣಗಳಿಂದ ಗಡ್ಡೆಯೊಳಗೆ ಆಗುವ ಬದಲಾವಣೆಗೆ ಶಿಥಿಲತೆ ಎಂದೂ ಹೇಳಿದೆ.

ಇತಿಹಾಸ

ಲಂಡನ್ನಿನ ವೈದ್ಯ ಮ್ಯಾಥ್ಯೂ ಬೈಲಿ 1793ರಲ್ಲಿ ಪ್ರಕಟಿಸಿದ ರೋಗಾಂಗರಚನೆಯ ಗ್ರಂಥದಲ್ಲಿ ಗರ್ಭಕೋಶದ ಈ ಗಟ್ಟಿ ಗಂಟುಗಳ ವಿವರಣೆಯಿದೆ. ಇವು ಸ್ನಾಯುವಿನಿಂದಲೇ ಆದವು ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೋರಿಸಿದವರು ಜರ್ಮನಿಯ ರುಡಾಲ್ಫ್ ವಿರ್ಶೋ. ನಾರಿನ ಅಂಶ ಹೆಚ್ಚಾಗಿ ಕಾಣುವುದರಿಂದ ಬಂದ ಫೈಬ್ರಾಯ್ಡ್ ಎಂಬ ಹೆಸರು ಇಂದಿಗೂ ಉಳಿದುಕೊಂಡಿದೆ.

1965ರಲ್ಲಿ ಲಿಂಡರ್ ಮತ್ತು ಗಾರ್ಟ್ಲರ್ ಅವರು ಜಿ6ಪಿಡಿ ಕಿಣ್ವದ ಎರಡು ಬಗೆಗಳನ್ನು ಗುರುತಾಗಿ ಬಳಸಿ, ಒಂದೊಂದು ಗಂಟೂ ಒಂದೇ ಜೀವಕೋಶದ ಸಂತತಿ ಎಂಬುದಕ್ಕೆ ಪುರಾವೆ ಕೊಟ್ಟರು. ಆ ಒಂಟಿ ಕೋಶದಲ್ಲಿ ಮೊದಲು ಕೆಡುವುದು ಏನು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಿದ್ದು 2011ರಲ್ಲಿ, ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಸಂಶೋಧಕರಿಂದ.

ವ್ಯಾಪ್ತಿ

ಋತುಮತಿಯಾಗುವ ಮುನ್ನ ನಾರುಗಡ್ಡೆ ಕಾಣಿಸುವುದಿಲ್ಲವೆಂದೇ ಹೇಳಬಹುದು. ಮೂವತ್ತು ದಾಟಿದ ಮೇಲೆ ಹೆಚ್ಚುತ್ತ ಹೋಗಿ, ಮುಟ್ಟು ನಿಂತ ಬಳಿಕ ಸಾಮಾನ್ಯವಾಗಿ ಕುಗ್ಗುತ್ತದೆ. ಅಮೆರಿಕದಲ್ಲಿ ಸ್ಕ್ಯಾನಿಂಗ್ ಆಧರಿಸಿ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 50ನೇ ವಯಸ್ಸಿನ ಹೊತ್ತಿಗೆ ಬಿಳಿಯ ಮಹಿಳೆಯರಲ್ಲಿ ಸುಮಾರು ಶೇ 70 ಮಂದಿಗೆ, ಕಪ್ಪು ಮಹಿಳೆಯರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಇದು ಬಂದಿರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ.

ಎಷ್ಟು ಸೂಕ್ಷ್ಮವಾಗಿ ಹುಡುಕಿದರೆ ಅಷ್ಟು ಸಿಗುವ ಗಡ್ಡೆ ಇದು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾನಾ ಕಾರಣಗಳಿಗೆ ತೆಗೆದ 100 ಗರ್ಭಕೋಶಗಳನ್ನು 2 ಮಿ.ಮೀ. ದಪ್ಪದ ಹೋಳುಗಳಾಗಿ ಕತ್ತರಿಸಿ ನೋಡಿದಾಗ 77ರಲ್ಲಿ ನಾರುಗಡ್ಡೆ ಇತ್ತು. ಹಾಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ಗಡ್ಡೆಯ ಹೆಸರಿದ್ದ ಮಾತ್ರಕ್ಕೆ ಅದೇ ತೊಂದರೆಯ ಮೂಲವೆಂದು ತೀರ್ಮಾನಿಸಲಾಗದು.

ಬೇಗ ಋತುಮತಿಯಾಗುವುದು, ಮಕ್ಕಳಾಗದಿರುವುದು, ಬೊಜ್ಜು, ತಾಯಿ ಅಥವಾ ಅಕ್ಕತಂಗಿಯರಲ್ಲಿ ಗಡ್ಡೆ ಇದ್ದುದು ಸಂಭವವನ್ನು ಹೆಚ್ಚಿಸುತ್ತವೆ. ಹೆರಿಗೆಗಳ ಸಂಖ್ಯೆ ಹೆಚ್ಚಿದಷ್ಟೂ ಸಂಭವ ಇಳಿಯುತ್ತದೆ. ವಿಟಮಿನ್ ಡಿ ಕೊರತೆಗೂ ಇದಕ್ಕೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಉಗಮ

ಒಂದೇ ಗರ್ಭಕೋಶದಲ್ಲಿ ಹತ್ತು ಗಂಟುಗಳಿದ್ದರೆ ಅವು ಸಾಮಾನ್ಯವಾಗಿ ಒಂದರಿಂದ ಒಂದು ಹರಡಿದವಲ್ಲ, ಬೇರೆಬೇರೆಯಾಗಿ ಹುಟ್ಟಿದವು. ಹೆಲ್ಸಿಂಕಿಯ ಸಂಶೋಧಕರು ಕಂಡುಕೊಂಡಂತೆ, ಸುಮಾರು ಶೇ 70ರಷ್ಟು ಗಡ್ಡೆಗಳಲ್ಲಿ ಎಕ್ಸ್ ವರ್ಣತಂತುವಿನ ಮೇಲಿರುವ ಮೆಡ್12 ಎಂಬ ಜೀನಿನ ಎರಡನೆಯ ಎಕ್ಸಾನಿನಲ್ಲಿ ರೂಪಾಂತರ ಕಂಡುಬರುತ್ತದೆ. ಅದರಲ್ಲೂ 44ನೇ ಕೋಡಾನ್ ಮತ್ತೆ ಮತ್ತೆ ಕೆಡುವ ಜಾಗ. ಇಂಥ ಗಡ್ಡೆಗಳು ಗಾತ್ರದಲ್ಲಿ ಚಿಕ್ಕವಾಗಿ, ಸಂಖ್ಯೆಯಲ್ಲಿ ಹಲವಾಗಿರುವುದು ರೂಢಿ. ಎರಡನೆಯ ಗುಂಪಿನಲ್ಲಿ 12ನೇ ಮತ್ತು 14ನೇ ವರ್ಣತಂತುಗಳ ನಡುವೆ ತುಂಡುಗಳು ಅದಲುಬದಲಾಗಿ ಎಚ್‌ಎಂಜಿಎ2 ಜೀನು ಅತಿಯಾಗಿ ಕೆಲಸ ಮಾಡತೊಡಗುತ್ತದೆ. ಇವು ಹೆಚ್ಚಾಗಿ ದೊಡ್ಡ ಗಡ್ಡೆಗಳು. ಮೆಡ್12 ಕೆಟ್ಟಿರುವ ಗಡ್ಡೆಯಲ್ಲಿ ಎಚ್‌ಎಂಜಿಎ2 ಕೆಟ್ಟಿರುವುದು ಅಪರೂಪ. ಹೊರನೋಟಕ್ಕೆ ಒಂದೇ ಎನಿಸುವ ನಾರುಗಡ್ಡೆಗಳು ಮೂಲದಲ್ಲಿ ಹಲವು ಬಗೆಯವು ಎಂಬುದಕ್ಕೆ ಇದು ಬಲವಾದ ಆಧಾರ.

ಸಂಖ್ಯೆಯಲ್ಲಿ ಕಡಿಮೆಯಾದರೂ ಮಹತ್ವದ ಮೂರನೆಯ ಗುಂಪಿನಲ್ಲಿ ಎಫ್‌ಎಚ್ ಜೀನು ಕೆಟ್ಟಿರುತ್ತದೆ. ಜೀವಕೋಶದ ಶಕ್ತಿ ಉತ್ಪಾದನೆಗೆ ಬೇಕಾದ ಫ್ಯೂಮರೇಟ್ ಹೈಡ್ರಟೇಸ್ ಕಿಣ್ವವನ್ನು ರೂಪಿಸುವ ಜೀನಿದು. ದೋಷ ಗಡ್ಡೆಯಲ್ಲಿ ಮಾತ್ರ ಇರಬಹುದು. ಹುಟ್ಟಿನಿಂದಲೇ ದೇಹದ ಎಲ್ಲ ಕೋಶಗಳಲ್ಲೂ ಇರಬಹುದು. ಎರಡನೆಯ ಸ್ಥಿತಿಯಲ್ಲಿ ಚರ್ಮದ ಮೇಲೆ ಸಣ್ಣ ಸ್ನಾಯುಗಡ್ಡೆಗಳು, ಎಳೆ ವಯಸ್ಸಿನಲ್ಲೇ ಗರ್ಭಕೋಶದಲ್ಲಿ ಹಲವು ಗಡ್ಡೆಗಳು, ಮುಂದೆ ತೀವ್ರ ಸ್ವರೂಪದ ಮೂತ್ರಪಿಂಡದ ಕ್ಯಾನ್ಸರ್ ಬರುವ ಅಪಾಯ ಒಂದೇ ಕುಟುಂಬದಲ್ಲಿ ಕಾಣಸಿಗುತ್ತವೆ. ಗರ್ಭಕೋಶದ ಸಾಧಾರಣ ಗಡ್ಡೆಯ ಪರೀಕ್ಷೆ ಇಡೀ ಮನೆತನಕ್ಕೆ ಮುನ್ನೆಚ್ಚರಿಕೆಯಾಗಬಲ್ಲ ಸಂದರ್ಭವಿದು. ಆದ್ದರಿಂದ ಪೆಥಾಲಜಿಸ್ಟರು ಈ ಬಗೆಯನ್ನು ಗುರುತಿಸದೆ ಬಿಡಬಾರದು.

ಹುಟ್ಟಿದ ಗಡ್ಡೆಯನ್ನು ಬೆಳೆಸುವುದು ಹಾರ್ಮೋನುಗಳು. ಈಸ್ಟ್ರೋಜೆನ್ ಮಾತ್ರ ಕಾರಣವೆಂಬ ಹಳೆಯ ತಿಳಿವಳಿಕೆ ಈಗ ತಿದ್ದುಪಡಿಯಾಗಿದೆ. ಈಸ್ಟ್ರೋಜೆನ್ ಗಡ್ಡೆಯ ಕೋಶಗಳಲ್ಲಿ ಪ್ರೊಜೆಸ್ಟೆರಾನ್ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಕೋಶಗಳು ವಿಭಜನೆಯಾಗುವಂತೆ ಮಾಡುವುದರಲ್ಲಿ ಪ್ರೊಜೆಸ್ಟೆರಾನ್‌ನ ಪಾತ್ರ ದೊಡ್ಡದು. ಋತುಚಕ್ರದ ದ್ವಿತೀಯಾರ್ಧದಲ್ಲಿ ಕೋಶವಿಭಜನೆ ಹೆಚ್ಚು ಕಾಣುವುದೂ ಅದಕ್ಕೇ. ಗಡ್ಡೆಯಲ್ಲಿರುವ ಅರೋಮಟೇಸ್ ಕಿಣ್ವ ಅಲ್ಲಿಯೇ ಈಸ್ಟ್ರೋಜೆನ್ ತಯಾರಿಸಬಲ್ಲದು. ಗಾತ್ರದ ದೊಡ್ಡ ಪಾಲು ಕೋಶಗಳದ್ದೂ ಅಲ್ಲ, ಅವುಗಳ ನಡುವೆ ಶೇಖರವಾಗುವ ಕೊಲಾಜೆನ್, ಫೈಬ್ರೊನೆಕ್ಟಿನ್, ಪ್ರೋಟಿಯೋಗ್ಲೈಕಾನ್‌ಗಳದ್ದು. ಗಡ್ಡೆ ಕೈಗೆ ಗಟ್ಟಿಯಾಗಿ ತಾಕುವುದು ಇವುಗಳಿಂದ.

ಸ್ಥಾನ

ಗಡ್ಡೆಗಳು ಬಹುಪಾಲು ಗರ್ಭಕೋಶದ ಮುಖ್ಯ ಭಾಗದಲ್ಲಿರುತ್ತವೆ. ಗರ್ಭಕೋಶದ ಕೊರಳಿನಲ್ಲಿ ಕಡಿಮೆ. ಸ್ನಾಯುಗೋಡೆಯ ನಡುವೆ ಇರುವವು, ಎಂಡೋಮೆಟ್ರಿಯಂ ಎಂಬ ಒಳಪೊರೆಯ ಕೆಳಗೆ ಇರುವವು, ಹೊರಪೊರೆಯ ಕೆಳಗೆ ಉಬ್ಬಿ ನಿಲ್ಲುವವು ಎಂಬ ಮೂರು ವಿಭಾಗ ಹಳೆಯದು. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವಾದ ಫಿಗೊ 2011ರಲ್ಲಿ ಇದನ್ನು 0ಯಿಂದ 8ರವರೆಗಿನ ಸಂಖ್ಯೆಗಳಿಗೆ ಇಳಿಸಿತು. 0 ಎಂದರೆ ತೊಟ್ಟಿನ ಮೇಲೆ ಗರ್ಭಕೋಶದ ಪೊಳ್ಳಿನೊಳಗೆ ತೂಗುವ ಗಡ್ಡೆ. 1 ಮತ್ತು 2 ಒಳಪೊರೆಯ ಕಡೆಗೆ ಉಬ್ಬಿದವು. ಅರ್ಧಕ್ಕಿಂತ ಕಡಿಮೆ ಭಾಗ ಗೋಡೆಯಲ್ಲಿ ಹುದುಗಿದ್ದರೆ 1, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹುದುಗಿದ್ದರೆ 2. ಪೂರ್ತಿ ಗೋಡೆಯಲ್ಲೇ ಇದ್ದು ಒಳಪೊರೆಯನ್ನು ತಾಕುವುದು 3, ತಾಕದಿರುವುದು 4. 5ರಿಂದ 7 ಹೊರಮೈ ಕಡೆಯವು, 7ಕ್ಕೆ ತೊಟ್ಟಿರುತ್ತದೆ. ಕೊರಳಿನ ಗಡ್ಡೆ, ಗರ್ಭಕೋಶದಿಂದ ಕಳಚಿಕೊಂಡು ಬೇರೆ ಅಂಗದಿಂದ ರಕ್ತ ಪಡೆಯುವ ಪರಾವಲಂಬಿ ಗಡ್ಡೆ ಮುಂತಾದವು 8.

ಲಕ್ಷಣಗಳು ಗಾತ್ರಕ್ಕಿಂತ ಹೆಚ್ಚಾಗಿ ಸ್ಥಾನವನ್ನು ಅವಲಂಬಿಸುತ್ತವೆ. ಒಳಪೊರೆಯ ಕೆಳಗಿನ 2 ಸೆಂ.ಮೀ. ಗಡ್ಡೆ ತಿಂಗಳು ತಿಂಗಳು ವಿಪರೀತ ರಕ್ತಸ್ರಾವ ತರಬಹುದು. ಹೊರಮೈಯ 8 ಸೆಂ.ಮೀ. ಗಡ್ಡೆ ಸುಮ್ಮನಿರಬಹುದು.

ಕಣ್ಣಿಗೆ ಕಾಣುವ ರೂಪ

ಗಡ್ಡೆ ಸಾಮಾನ್ಯವಾಗಿ ದುಂಡಗೆ, ಗಟ್ಟಿಯಾಗಿ, ಅಂಚು ಸ್ಪಷ್ಟವಾಗಿ ಇರುತ್ತದೆ. ಗಾತ್ರ ಕೆಲವು ಮಿಲಿಮೀಟರಿನಿಂದ ಹೊಟ್ಟೆಯನ್ನೆಲ್ಲ ತುಂಬುವವರೆಗೆ; 1888ರಲ್ಲಿ ಮರಣೋತ್ತರವಾಗಿ ತೆಗೆದ ಗಡ್ಡೆಯೊಂದು 60 ಕೆ.ಜಿ.ಗೂ ಹೆಚ್ಚು ತೂಗಿದ್ದು ದಾಖಲಾಗಿದೆ. ಕತ್ತರಿಸಿದೊಡನೆ ಕತ್ತರಿಸಿದ ಮುಖ ಸುತ್ತಲಿನ ಸ್ನಾಯುವಿಗಿಂತ ಮೇಲಕ್ಕೆ ಉಬ್ಬುತ್ತದೆ. ಬಣ್ಣ ಬಿಳಿ ಅಥವಾ ನಸುಬೂದು. ಒತ್ತಾಗಿ ಸುತ್ತಿದ ನೂಲುಂಡೆಯನ್ನು ಕೊಯ್ದಂತೆ ಎಳೆಗಳು ಸುಳಿಸುಳಿಯಾಗಿ ಕಾಣುತ್ತವೆ. ಇದಕ್ಕೆ ನಿಜವಾದ ಕವಚ ಇಲ್ಲ. ಒತ್ತಡಕ್ಕೆ ಸಿಕ್ಕಿದ ಪಕ್ಕದ ಸ್ನಾಯುವೇ ಹುಸಿಕವಚವಾಗುತ್ತದೆ, ಅದರ ಗುಂಟ ಗಡ್ಡೆಯನ್ನು ಸುಲಿದು ತೆಗೆಯಬಹುದು. ಗರ್ಭಕೋಶ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ ಸಾಧ್ಯವಾಗಿರುವುದು ಈ ರಚನೆಯಿಂದ. ಅಡೆನೊಮಯೋಸಿಸ್‌ನಲ್ಲಿ ಒಳಪೊರೆಯ ಅಂಗಾಂಶ ಸ್ನಾಯುವಿನಲ್ಲಿ ಬೆರೆತುಕೊಂಡಿರುವುದರಿಂದ ಇಂಥ ಅಂಚು ಸಿಗುವುದಿಲ್ಲ.

ರಕ್ತನಾಳಗಳು ಹುಸಿಕವಚದಲ್ಲಿ ದಟ್ಟವಾಗಿ, ಗಡ್ಡೆಯ ನಡುವೆ ವಿರಳವಾಗಿ ಇರುತ್ತವೆ. ಬೆಳೆದಂತೆಲ್ಲ ನಡುಭಾಗಕ್ಕೆ ರಕ್ತ ಸಾಲದಾಗುತ್ತದೆ. ಮುಂದೆ ಹೇಳುವ ಶಿಥಿಲತೆಗಳು ಹೆಚ್ಚಾಗಿ ಹುಟ್ಟುವುದು ಈ ಕೊರತೆಯಿಂದ.

ಸೂಕ್ಷ್ಮದರ್ಶಕದಲ್ಲಿ

ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಉದ್ದನೆಯ ಕದಿರಿನಾಕಾರದ ಕೋಶಗಳು ಕಟ್ಟುಕಟ್ಟಾಗಿ ಒಂದನ್ನೊಂದು ಹಾಯ್ದುಹೋಗಿರುತ್ತವೆ. ಕೋಶದ್ರವ್ಯ ಗುಲಾಬಿ, ಕೋಶಕೇಂದ್ರ ಉದ್ದ, ಎರಡೂ ತುದಿ ಮೊಂಡು. ಒಂದು ಕೋಶಕ್ಕೂ ಇನ್ನೊಂದಕ್ಕೂ ಗಾತ್ರದಲ್ಲಾಗಲಿ ಆಕಾರದಲ್ಲಾಗಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ದಪ್ಪ ಗೋಡೆಯ ರಕ್ತನಾಳಗಳೂ ಅಲ್ಲಲ್ಲಿ ಮಾಸ್ಟ್ ಕೋಶಗಳೂ ಕಾಣುತ್ತವೆ. ಕೋಶವಿಭಜನೆ ವಿರಳ.

ಅನುಮಾನ ಬಂದಾಗ ಪ್ರತಿಕಾಯಗಳನ್ನು ಬಳಸಿ ಬಣ್ಣ ಕಟ್ಟಿಸುವ ಪರೀಕ್ಷೆ ನೆರವಾಗುತ್ತದೆ. ಡೆಸ್ಮಿನ್, ಎಚ್-ಕಾಲ್ಡೆಸ್ಮಾನ್, ಸ್ನಾಯು ಆಕ್ಟಿನ್ ಗುರುತುಗಳು ಧನಾತ್ಮಕವಾಗಿದ್ದರೆ ಅದು ನುಣುಪು ಸ್ನಾಯು. ಕೋಶಗಳು ತೀರ ದಟ್ಟವಾಗಿರುವ ನಾರುಗಡ್ಡೆಯನ್ನು ಎಂಡೋಮೆಟ್ರಿಯಂನ ಆಧಾರ ಅಂಗಾಂಶದ ಗಡ್ಡೆಯಿಂದ ಬೇರ್ಪಡಿಸಲು ಇವು ಬೇಕಾಗುತ್ತವೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಸಿಡಿ10 ಗುರುತು ಬಲವಾಗಿರುತ್ತದೆ. ಆದರೆ ದಟ್ಟಕೋಶದ ನಾರುಗಡ್ಡೆಯಲ್ಲೂ ಅದು ಕಾಣಬಹುದಾದ್ದರಿಂದ ಒಂದೇ ಗುರುತನ್ನು ನೆಚ್ಚಿಕೊಳ್ಳುವಂತಿಲ್ಲ.

ಶಿಥಿಲತೆಗಳು

ಹೈಯಲಿನ್ ಶಿಥಿಲತೆ ಎಲ್ಲಕ್ಕಿಂತ ಸಾಮಾನ್ಯ. ಸ್ನಾಯುಕೋಶಗಳ ಜಾಗದಲ್ಲಿ ನಯವಾದ, ರಚನೆಯಿಲ್ಲದ ಗುಲಾಬಿ ಪದಾರ್ಥ ತುಂಬುತ್ತದೆ, ಸುಳಿಗಳು ಮಾಸುತ್ತವೆ. ನೀರು ತುಂಬಿಕೊಂಡ ಭಾಗಗಳು ಕರಗಿ ಪೊಳ್ಳುಗಳಾದರೆ ಅದು ಸಿಸ್ಟಿಕ್ ಶಿಥಿಲತೆ. ಸ್ಕ್ಯಾನಿಂಗಿನಲ್ಲಿ ಇದು ಅಂಡಾಶಯದ ಗಡ್ಡೆಯೆಂದು ತಪ್ಪು ತಿಳಿಯಲು ಎಡೆಯಿದೆ. ಮುಟ್ಟು ನಿಂತವರಲ್ಲಿ ಸುಣ್ಣ ಕಟ್ಟುವುದು ಹೆಚ್ಚು. ಪೂರ್ತಿ ಸುಣ್ಣಗಟ್ಟಿದ ಗಡ್ಡೆ ಎಕ್ಸ್-ರೇಯಲ್ಲೂ ಕಾಣುತ್ತದೆ, ಚಾಕುವಿಗೆ ಕಲ್ಲಿನಂತೆ ತಡೆಯೊಡ್ಡುತ್ತದೆ.

ಕೆಂಪು ಶಿಥಿಲತೆ ಮುಖ್ಯವಾಗಿ ಬಸುರಿಯರಲ್ಲಿ ಆಗುವಂಥದು. ಗಡ್ಡೆಯ ಅಂಚಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗಿನ ಅಂಗಾಂಶ ಸತ್ತು, ಒಡೆದ ಕೆಂಪು ರಕ್ತಕಣಗಳ ಬಣ್ಣ ಗಡ್ಡೆಗೆಲ್ಲ ಹರಡುತ್ತದೆ. ಕೊಯ್ದ ಮುಖ ಹಸಿಮಾಂಸದಷ್ಟು ಕೆಂಪು. ಸುಳಿಗಳು ಅಳಿಸಿಹೋಗಿರುತ್ತವೆ, ಕೆಲವೊಮ್ಮೆ ಮೀನಿನ ವಾಸನೆ ಇರುತ್ತದೆ. ಸ್ಲೈಡಿನಲ್ಲಿ ಕೋಶಗಳ ಬಾಹ್ಯರೇಖೆ ಮಾತ್ರ ಉಳಿದು ಕೋಶಕೇಂದ್ರ ಮಾಯವಾಗಿರುತ್ತದೆ. ಬಸುರಿಯಲ್ಲಿ ಇದು ಹಠಾತ್ ಹೊಟ್ಟೆನೋವು, ಸಣ್ಣ ಜ್ವರ, ಬಿಳಿ ರಕ್ತಕಣಗಳ ಏರಿಕೆಯಾಗಿ ಕಾಣಿಸಿಕೊಂಡು ಅಪೆಂಡಿಸೈಟಿಸ್‌ನ ಅನುಮಾನ ಹುಟ್ಟಿಸುತ್ತದೆ. ವಿಶ್ರಾಂತಿ ಮತ್ತು ನೋವುನಿವಾರಕಗಳಿಂದಲೇ ಇದು ಬಹುಪಾಲು ಶಮನವಾಗುವುದರಿಂದ ಶಸ್ತ್ರಕ್ರಿಯೆಯ ಗೊಡವೆ ಸಾಮಾನ್ಯವಾಗಿ ಬೇಡ.

ಲೋಳೆಯಂಥ ಪದಾರ್ಥ ಸೇರಿಕೊಳ್ಳುವ ಮಿಕ್ಸಾಯ್ಡ್ ಬದಲಾವಣೆ ಅಪರೂಪ. ಮಾರಕ ಗಡ್ಡೆಯ ಒಂದು ಬಗೆಯೂ ಹೀಗೆಯೇ ಕಾಣುವುದರಿಂದ ಇಲ್ಲಿ ಹೆಚ್ಚು ಹೋಳುಗಳನ್ನು ಪರೀಕ್ಷಿಸಬೇಕು.

ವಿಶೇಷ ಬಗೆಗಳು

ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಹಲವು ಉಪಬಗೆಗಳನ್ನು ಹೆಸರಿಸುತ್ತದೆ. ಕೋಶಸಾಂದ್ರ ಬಗೆಯಲ್ಲಿ ಕೋಶಗಳು ಒತ್ತೊತ್ತಾಗಿರುತ್ತವೆ. ಸಕ್ರಿಯ ವಿಭಜನೆಯ ಬಗೆಯಲ್ಲಿ ವಿಭಜಿಸುತ್ತಿರುವ ಕೋಶಗಳ ಸಂಖ್ಯೆ ಗಾಬರಿ ಹುಟ್ಟಿಸುವಷ್ಟಿದ್ದರೂ ಕೋಶಕೇಂದ್ರಗಳು ಸಾಧಾರಣವಾಗಿರುತ್ತವೆ; ಇದು ಹೆಚ್ಚಾಗಿ ಮುಟ್ಟು ನಿಲ್ಲದ ಮಹಿಳೆಯರಲ್ಲಿ ಕಾಣುತ್ತದೆ. ಕೊಬ್ಬಿನ ಕೋಶಗಳು ಬೆರೆತದ್ದು ಲೈಪೊಲಿಯೋಮಯೋಮಾ. ಪ್ರೊಜೆಸ್ಟೆರಾನ್ ಮಾದರಿಯ ಔಷಧ ತೆಗೆದುಕೊಳ್ಳುವವರಲ್ಲೂ ಬಸುರಿಯರಲ್ಲೂ ಗಡ್ಡೆಯೊಳಗೆ ರಕ್ತಸ್ರಾವವಾಗಿ ಅಪೊಪ್ಲೆಕ್ಟಿಕ್ ಬಗೆ ಉಂಟಾಗುತ್ತದೆ.

ವಿಕಾರ ಕೋಶಕೇಂದ್ರದ ಬಗೆ ಸ್ಲೈಡಿನಲ್ಲಿ ಭೀಕರವಾಗಿ ಕಾಣುತ್ತದೆ: ಭಾರಿ ಗಾತ್ರದ, ಕಪ್ಪಡರಿದ, ಹಲವು ಹೋಳಿನ ಕೋಶಕೇಂದ್ರಗಳು. ವಿಭಜನೆ ಮಾತ್ರ ಕಡಿಮೆ, ನೆಕ್ರೋಸಿಸ್ ಅಂದರೆ ಅಂಗಾಂಶದ ಸಾವು ಇಲ್ಲ, ನಡವಳಿಕೆ ಸೌಮ್ಯ. ಎಫ್‌ಎಚ್ ಕೊರತೆಯ ಬಗೆಯಲ್ಲಿ ಕವಲೊಡೆದ ಕೊಂಬಿನಾಕಾರದ ರಕ್ತನಾಳಗಳು, ಕೋಶದ್ರವ್ಯದಲ್ಲಿ ಗುಲಾಬಿ ಗೋಲಿಗಳು, ಸುತ್ತ ತಿಳಿಯಾದ ಬಳೆಯುಳ್ಳ ಎದ್ದುಕಾಣುವ ನ್ಯೂಕ್ಲಿಯೋಲಸ್ ಇರುತ್ತವೆ. ವಿಕಾರ ಕೋಶಕೇಂದ್ರ ಕಂಡ ಗಡ್ಡೆಗಳಲ್ಲಿ ಗಣನೀಯ ಪಾಲು ಈ ಗುಂಪಿನವೇ ಎಂದು ಗೊತ್ತಾದ ಮೇಲೆ, ಅಂಥಲ್ಲಿ ಎಫ್‌ಎಚ್ ಪರೀಕ್ಷೆಯತ್ತ ಗಮನ ಹೆಚ್ಚಿದೆ.

ಸೌಮ್ಯವಾದರೂ ಗರ್ಭಕೋಶದ ಎಲ್ಲೆ ದಾಟುವ ಬಗೆಗಳು ಕೆಲವಿವೆ. ರಕ್ತನಾಳಗತ ಲಿಯೋಮಯೋಮಟೋಸಿಸ್ ಅಭಿಧಮನಿಯ ಒಳಗೇ ಬೆಳೆಯುತ್ತ ಹೋಗಿ ಕೆಲವೊಮ್ಮೆ ಹೃದಯದ ಬಲಭಾಗ ತಲುಪುತ್ತದೆ. ಗಡ್ಡೆ ತೆಗೆದು ವರ್ಷಗಳ ನಂತರ ಶ್ವಾಸಕೋಶದಲ್ಲಿ ಅದೇ ಅಂಗಾಂಶದ ಗಂಟುಗಳು ಕಾಣಿಸುವುದೂ ಉಂಟು. ಹೊಟ್ಟೆಯ ಪೊರೆಯ ಮೇಲೆಲ್ಲ ಸಣ್ಣ ಗಂಟುಗಳು ಹರಡಿಕೊಳ್ಳುವ ಇನ್ನೊಂದು ಬಗೆಯನ್ನು ಕಣ್ಣಳತೆಯಲ್ಲಿ ಕ್ಯಾನ್ಸರಿನಿಂದ ಬೇರ್ಪಡಿಸುವುದು ಕಷ್ಟ.

ಸಾರ್ಕೋಮಾದಿಂದ ಬೇರ್ಪಡಿಸುವುದು

ನಾರುಗಡ್ಡೆಯ ರೋಗಶಾಸ್ತ್ರದಲ್ಲಿ ಅತ್ಯಂತ ಹೊಣೆಗಾರಿಕೆಯ ಕೆಲಸ ಇದು. ಲಿಯೋಮಯೋಸಾರ್ಕೋಮಾ ಅಪರೂಪ, ಬಹುಪಾಲು ಅದು ಸ್ವತಂತ್ರವಾಗಿ ಹುಟ್ಟುತ್ತದೆ, ಹಳೆಯ ನಾರುಗಡ್ಡೆ ಮಾರಕವಾಗಿ ತಿರುಗುವುದು ತೀರ ವಿರಳ. ಅಮೆರಿಕದ ಸ್ಟ್ಯಾನ್‌ಫರ್ಡಿನ ಬೆಲ್, ಕೆಂಪ್ಸನ್, ಹೆಂಡ್ರಿಕ್ಸನ್ ಅವರು 1994ರಲ್ಲಿ ತೊಡಕಿನ 213 ಗಡ್ಡೆಗಳನ್ನು ಪರಿಶೀಲಿಸಿ, ಮೂರು ಲಕ್ಷಣಗಳನ್ನು ಒಟ್ಟಿಗೆ ತೂಗಿನೋಡುವ ಕ್ರಮ ರೂಪಿಸಿದರು: ಕೋಶಕೇಂದ್ರಗಳ ವಿಕಾರ, ಕೋಶವಿಭಜನೆಯ ಸಂಖ್ಯೆ, ಗಡ್ಡೆಕೋಶಗಳ ನೆಕ್ರೋಸಿಸ್. ಕದಿರುಕೋಶದ ಗಡ್ಡೆಯಲ್ಲಿ ಇವುಗಳ ಪೈಕಿ ಎರಡಾದರೂ ಸ್ಪಷ್ಟವಾಗಿದ್ದರೆ ಸಾರ್ಕೋಮಾ ಎನ್ನಲಾಗುತ್ತದೆ. ವಿಭಜನೆಯ ಮಿತಿ, ಸೂಕ್ಷ್ಮದರ್ಶಕದ ಅಧಿಕ ವರ್ಧನೆಯ 10 ಕ್ಷೇತ್ರಗಳಲ್ಲಿ 10. ಕ್ಷೇತ್ರದ ವಿಸ್ತೀರ್ಣ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ ಈಗ ಇದನ್ನು ಚದರ ಮಿಲಿಮೀಟರಿಗೆ 4 ಎಂದು ಹೇಳುವ ಕ್ರಮ ಬಂದಿದೆ. ಮಿಕ್ಸಾಯ್ಡ್ ಮತ್ತು ಎಪಿಥೀಲಿಯಾಯ್ಡ್ ಬಗೆಗಳಿಗೆ ಈ ಅಳತೆಗೋಲು ಹಾಗೆಯೇ ಹೊಂದುವುದಿಲ್ಲ, ಮಿತಿಗಳು ಬೇರೆ.

ಮೂರರಲ್ಲಿ ನೆಕ್ರೋಸಿಸ್ ಅನ್ನು ಅರ್ಥೈಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಸೌಮ್ಯ ಗಡ್ಡೆಯಲ್ಲೂ ಅಂಗಾಂಶ ಸಾಯುತ್ತದೆ. ಮಾರಕ ಗಡ್ಡೆಯಲ್ಲಿ ಬದುಕಿದ ಮತ್ತು ಸತ್ತ ಭಾಗಗಳ ನಡುವೆ ಗೆರೆ ಎಳೆದಂಥ ಅಂಚಿದ್ದು, ಸತ್ತ ಭಾಗದ ನಡುವೆ ರಕ್ತನಾಳಗಳ ಸುತ್ತ ಮಾತ್ರ ಜೀವಂತ ಕೋಶಗಳ ಪಟ್ಟಿ ಉಳಿದಿರುತ್ತದೆ. ರಕ್ತ ನಿಂತು ಸತ್ತ ಸೌಮ್ಯ ಗಡ್ಡೆಯಲ್ಲಿ ಎರಡರ ನಡುವೆ ವಾಸಿಯಾಗುತ್ತಿರುವ ಅಂಗಾಂಶದ ಅಥವಾ ಹೈಯಲಿನ್‌ನ ವಲಯವಿರುತ್ತದೆ. ರಕ್ತಸ್ರಾವ ನಿಲ್ಲಿಸಲು ಕೊಡುವ ಟ್ರಾನೆಕ್ಸಾಮಿಕ್ ಆಮ್ಲ, ಹಾರ್ಮೋನ್ ಚಿಕಿತ್ಸೆ, ರಕ್ತನಾಳ ಮುಚ್ಚುವ ಎಂಬೊಲೈಸೇಶನ್ ಇಂಥ ಸಾವನ್ನು ತರಬಲ್ಲವು. ತೀರ ಹೊಸದಾದ ಸಾವಿನಲ್ಲಿ ನಡುವಲಯ ಇನ್ನೂ ರೂಪುಗೊಂಡಿರುವುದಿಲ್ಲ, ಆಗ ಎರಡನ್ನೂ ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ. ರೋಗಿ ಪಡೆದ ಔಷಧಗಳ ವಿವರವನ್ನು ಮಾದರಿಯೊಂದಿಗೆ ಪ್ರಯೋಗಾಲಯಕ್ಕೆ ಕಳಿಸುವುದು ಆದ್ದರಿಂದ ಅವಶ್ಯ.

ಸೌಮ್ಯವೆಂದೂ ಮಾರಕವೆಂದೂ ಖಚಿತವಾಗಿ ಹೇಳಲಾಗದ ಗಡ್ಡೆಗಳಿಗೆ ಸ್ಟಂಪ್ ಎಂಬ ಪ್ರತ್ಯೇಕ ವರ್ಗವಿದೆ. ಇಂಥ ಗಡ್ಡೆಯಿದ್ದವರನ್ನು ವರ್ಷಗಟ್ಟಲೆ ತಪಾಸಣೆಯಲ್ಲಿಡಬೇಕಾಗುತ್ತದೆ.

ದೇಹದ ಮೇಲಿನ ಪರಿಣಾಮ

ಮುಟ್ಟಿನಲ್ಲಿ ಅತಿಸ್ರಾವ ಮುಖ್ಯ ತೊಂದರೆ. ಒಳಪೊರೆಯ ವಿಸ್ತೀರ್ಣ ಹೆಚ್ಚುವುದು, ಅಭಿಧಮನಿಗಳು ಒತ್ತಡದಿಂದ ಹಿಗ್ಗುವುದು, ಗಡ್ಡೆಯಿಂದ ಬರುವ ಟಿಜಿಎಫ್-ಬೀಟಾ3 ಒಳಪೊರೆಯಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕುಂದಿಸುವುದು ಇದಕ್ಕೆ ಕಾರಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. ಮೊದಲೇ ಕಬ್ಬಿಣಾಂಶ ಕಡಿಮೆಯಿರುವ ದೇಹಕ್ಕೆ ಈ ಸ್ರಾವ ದೊಡ್ಡ ಪೆಟ್ಟು. ದೊಡ್ಡ ಗಡ್ಡೆಗಳು ಮೂತ್ರಕೋಶ, ಮೂತ್ರನಾಳ, ಗುದನಾಳಗಳನ್ನು ಒತ್ತುತ್ತವೆ. ಪೊಳ್ಳಿನೊಳಕ್ಕೆ ಚಾಚಿದವು ಬಸಿರು ನಿಲ್ಲದಂತೆ ಮಾಡಬಹುದು. ತೊಟ್ಟಿನ ಗಡ್ಡೆ ತಿರುಚಿಕೊಂಡರೆ ತೀವ್ರ ನೋವು ಬರುತ್ತದೆ. ಗಡ್ಡೆಯೇ ಎರಿಥ್ರೊಪೊಯಿಟಿನ್ ತಯಾರಿಸಿ ಕೆಂಪು ರಕ್ತಕಣಗಳನ್ನು ಹೆಚ್ಚಿಸಿದ ಅಪರೂಪದ ಉದಾಹರಣೆಗಳೂ ಇವೆ.

ಪತ್ತೆ ಮತ್ತು ಚಿಕಿತ್ಸೆ

ಅಲ್ಟ್ರಾಸೌಂಡ್ ಮೊದಲ ಪರೀಕ್ಷೆ. ಗಡ್ಡೆಗಳ ನಕ್ಷೆ ಬೇಕಾದಾಗ ಎಂಆರ್‌ಐ, ಪೊಳ್ಳಿನೊಳಗಿನ ಗಡ್ಡೆಗೆ ಹಿಸ್ಟೆರೊಸ್ಕೋಪಿ. ಲಕ್ಷಣಗಳಿಲ್ಲದ ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಉಳಿದಂತೆ ರಕ್ತಸ್ರಾವ ತಗ್ಗಿಸುವ ಮಾತ್ರೆ, ಲೆವೊನಾರ್ಜೆಸ್ಟ್ರೆಲ್ ಸೂಸುವ ಗರ್ಭಕೋಶದ ಸಾಧನ, ಹಾರ್ಮೋನ್ ತಡೆಯುವ ಔಷಧ, ಎಂಬೊಲೈಸೇಶನ್, ಮಯೋಮೆಕ್ಟಮಿ, ಕೊನೆಯಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ ಇವೆ. ಯುಲಿಪ್ರಿಸ್ಟಾಲ್ ಔಷಧ ಗಡ್ಡೆಯನ್ನು ಕುಗ್ಗಿಸಿದರೂ, ಯಕೃತ್ತಿಗೆ ಅಪರೂಪವಾಗಿ ಆದ ಗಂಭೀರ ಹಾನಿಯಿಂದಾಗಿ ಯುರೋಪಿನಲ್ಲಿ ಅದರ ಬಳಕೆಗೆ ಕಟ್ಟುಪಾಡು ಬಂತು.

ಇಂದಿನ ಸ್ಥಿತಿ

ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆಯನ್ನು ಹೊಟ್ಟೆಯೊಳಗೇ ಚೂರು ಮಾಡಿ ತೆಗೆಯುವ ಮಾರ್ಸಲೇಟರ್ ಯಂತ್ರದ ಬಗ್ಗೆ 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ನೀಡಿತು. ನಾರುಗಡ್ಡೆಯೆಂದು ಶಸ್ತ್ರಕ್ರಿಯೆಗೆ ಒಳಗಾಗುವವರಲ್ಲಿ ಸುಮಾರು 350ಕ್ಕೆ ಒಬ್ಬರಲ್ಲಿ ಗೊತ್ತಿಲ್ಲದ ಸಾರ್ಕೋಮಾ ಇರಬಹುದು, ಚೂರು ಮಾಡುವಾಗ ಅದು ಹೊಟ್ಟೆಯಲ್ಲಿ ಹರಡಬಹುದು ಎಂಬುದು ಕಾರಣ. ಈ ಪ್ರಮಾಣ ಇನ್ನೂ ಕಡಿಮೆಯೆಂದು ನಂತರ ಹಲವರು ವಾದಿಸಿದರು. ಚೂರುಗಳನ್ನು ಚೀಲದೊಳಗೇ ಹಿಡಿದಿಡುವ ವಿಧಾನ ಆ ಬಳಿಕ ಹೆಚ್ಚು ಬಳಕೆಗೆ ಬಂತು. ಚೂರಾಗಿ ಬಂದ ಮಾದರಿಯಲ್ಲಿ ಗಡ್ಡೆಯ ಅಂಚು ನೋಡಲು ಸಿಗದಿರುವುದು ಪ್ರಯೋಗಾಲಯಕ್ಕೂ ತೊಡಕು.

ಭಾರತದಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು.

ಶಸ್ತ್ರಕ್ರಿಯೆಗೆ ಮುನ್ನ ನಾರುಗಡ್ಡೆಯನ್ನು ಸಾರ್ಕೋಮಾದಿಂದ ನೂರಕ್ಕೆ ನೂರು ಖಚಿತವಾಗಿ ಬೇರ್ಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇನ್ನೂ ಇಲ್ಲ. ತೆಗೆದ ಗಡ್ಡೆಯೆಲ್ಲವನ್ನೂ ಫಾರ್ಮಲಿನ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಪ್ರತಿ ಗಂಟನ್ನೂ ಕೊಯ್ದು ನೋಡಬೇಕು. ಸುಳಿಯಿಲ್ಲದ, ಮೆತ್ತಗಿನ, ಹಳದಿಗಟ್ಟಿದ, ರಕ್ತ ಒಸರಿದ ಅಥವಾ ಅಂಚು ಅಸ್ಪಷ್ಟವಾದ ಭಾಗ ಕಂಡರೆ ಗಡ್ಡೆಯ ವ್ಯಾಸದ ಪ್ರತಿ ಸೆಂಟಿಮೀಟರಿಗೆ ಒಂದಾದರೂ ತುಣುಕನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಆರಿಸುವುದು ರೂಢಿಯಲ್ಲಿರುವ ಕ್ರಮ.